ಪಟ್ಟಿಗೆ ಕಾಯುತ್ತಿರುವ ಹಟ್ಟಿ

ಬಾಬಾಬುಡನ್‌ಗಿರಿಯ ಸಾಲು ಮಳೆಮೋಡಗಳನ್ನು ಪಡುವಣದಲ್ಲೇ ತಡೆದುಬಿಡುವುದರಿಂದ ಚಿಕ್ಕಮಗಳೂರು ಜಿಲ್ಲೆಯ ಪೂರ್ವದಂಚು ಬಯಲುಸೀಮೆಯಾಗಿಯೇ ಉಳಿದಿದೆ. ಕಡೂರು, ಬೀರೂರು ದಾಟಿದ ರೈಲು ಅಜ್ಜಂಪುರ, ಶಿವನಿಗಳ ಮೂಲಕ ಚಿತ್ರದುರ್ಗ ಜಿಲ್ಲೆಯ ಕಡೆಗೆ ಸಾಗುವ ಈ ನೆಲ ಒಂದು ಕಾಲಕ್ಕೆ ದನ ಕುರಿಗಳ ನೆಲವಾಗಿತ್ತು. ಮೈಸೂರು ಅರಸರ ಅಮೃತಮಹಲ್ ದನಗಳಿಗೆಂದು ಬಿಟ್ಟಿದ್ದ ಕಾವಲುಗಳು ಇಲ್ಲೆಲ್ಲ ಹರಡಿಕೊಂಡಿದ್ದವು. ಆ ತಳಿಯನ್ನು ಕಾಪಾಡುವ ಸರ್ಕಾರಿ ಕೇಂದ್ರ ಇಂದಿಗೂ ಅಜ್ಜಂಪುರದಲ್ಲಿದೆ. ಈ ಸೀಮೆಯ ಊರುಗಳಿಂದ ಒಂದಿಷ್ಟು ದೂರದಲ್ಲಿ ಗೊಲ್ಲರಹಟ್ಟಿಗಳಿವೆ. ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಿಂದ ಹೊಸದುರ್ಗ, ಹಿರಿಯೂರು, ಚಳ್ಳಕೆರೆ, ಶಿರಾದವರೆಗೆ ಹಬ್ಬಿರುವ ಈ ಹಟ್ಟಿಗಳ ಕಾಡುಗೊಲ್ಲರು ತಮ್ಮನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಬೇಕೆಂದು ಬಹುಕಾಲದಿಂದ ಕೇಳುತ್ತಿದ್ದಾರೆ. ಆ ಬೇಡಿಕೆ ನ್ಯಾಯವಾದದ್ದು, ಅದನ್ನು ಇನ್ನೂ ಎಳೆದಾಡದೆ ತೀರ್ಮಾನಿಸಬೇಕು. ಆದರೆ ಪಟ್ಟಿಯ ಬಾಗಿಲಲ್ಲಿ ಸರ್ಕಾರ ಒಡ್ಡಿರುವ ಪರೀಕ್ಷೆಯ ಬಗ್ಗೆಯೂ ಮಾತಾಡಬೇಕಾಗಿದೆ. ಒಂದು ಸಮುದಾಯ ತನ್ನ ಹಕ್ಕು ಪಡೆಯಬೇಕಾದರೆ ತಾನು ಎಷ್ಟು ಹಿಂದೆ ಉಳಿದಿದ್ದೇನೆಂದು ರುಜುವಾತು ಮಾಡಬೇಕು ಎಂಬ ನಿಯಮ ಹಟ್ಟಿಯ ಹೆಣ್ಣುಮಕ್ಕಳ ಪಾಲಿಗೆ ಮುಳುವಾಗಿದೆ. ಪಟ್ಟಿಗೆ ಸೇರುವ ಪ್ರಶ್ನೆ ತೀರ್ಮಾನವಾಗುವ ತನಕ ಉಳಿದೆಲ್ಲವೂ ಕಾಯಬಹುದು ಎಂಬ ಧೋರಣೆ ಆ ಅನ್ಯಾಯವನ್ನು ಇನ್ನಷ್ಟು ಬೆಳೆಸಿದೆ.

ಕಾಡುಗೊಲ್ಲರು ಪ್ರತ್ಯೇಕ ಸಮುದಾಯ ಎಂಬುದಕ್ಕೆ ಸಾಕ್ಷ್ಯದ ಕೊರತೆಯಿಲ್ಲ. ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರು ಮೈಸೂರು ಸಂಸ್ಥಾನದ ಜಾತಿ ಬುಡಕಟ್ಟುಗಳ ಬಗ್ಗೆ ಬರೆದ ಸಂಪುಟಗಳಲ್ಲಿಯೇ ಊರುಗೊಲ್ಲರು ಬೇರೆ, ಕಾಡುಗೊಲ್ಲರು ಬೇರೆ ಎಂದು ಗುರುತಿಸಲಾಗಿದೆ. ಮುಂದೆ ತೀ.ನಂ. ಶಂಕರನಾರಾಯಣ ಅವರು ಈ ಸಮುದಾಯದ ಸಂಪ್ರದಾಯ, ನಂಬಿಕೆಗಳನ್ನು ವಿವರವಾಗಿ ಅಧ್ಯಯನ ಮಾಡಿದರು. ಜುಂಜಪ್ಪ, ಎತ್ತಪ್ಪರಂಥ ಸಾಂಸ್ಕೃತಿಕ ವೀರರು, ಅವರ ಕಥೆಯನ್ನು ರಾತ್ರಿಯಿಡೀ ನಡೆಸುವ ಗಣೆ ಎಂಬ ಬಿದಿರು ಕೊಳಲಿನ ನಾದ, ಮುಳ್ಳಿನ ಬೇಲಿಯೊಳಗಿನ ದೇವರಹಟ್ಟಿ, ಬೆಡಗುಗಳೆಂಬ ಒಳಗಿನ ಕುಲಗಳು, ಹಟ್ಟಿಯದೇ ಆದ ನ್ಯಾಯಪದ್ಧತಿ, ಇವೆಲ್ಲ ಸೇರಿ ಒಂದು ಪೂರ್ಣ ಲೋಕ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆ ಸಾವಿರಾರು ಹಾಡುಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ನೀಡಿತು. ಇಂಥ ಸಮುದಾಯ ರಾಜ್ಯದ ಹಿಂದುಳಿದ ವರ್ಗಗಳ ಪ್ರವರ್ಗ-1ರಲ್ಲಿ ಹತ್ತಾರು ಇತರ ಜಾತಿಗಳೊಂದಿಗೆ ಸ್ಪರ್ಧಿಸುತ್ತಿದೆ. ಊರಿನಲ್ಲಿ ನೆಲೆಸಿ ಶಾಲೆ, ವ್ಯಾಪಾರ, ರಾಜಕಾರಣಗಳನ್ನು ಮೊದಲೇ ಕಂಡ ಗೊಲ್ಲರೊಂದಿಗೆ ಅದೇ ಹೆಸರಿನ ನೆರಳಿನಲ್ಲಿ ಹಟ್ಟಿಯ ಮಗು ಪೈಪೋಟಿ ಮಾಡಬೇಕಾಗಿದೆ.

ಐದು ಲಕ್ಷಣಗಳ ಪರೀಕ್ಷೆ

ಸಂವಿಧಾನದ 342ನೇ ವಿಧಿಯ ಪ್ರಕಾರ ಪರಿಶಿಷ್ಟ ಪಂಗಡಗಳ ಪಟ್ಟಿಯನ್ನು ಸಂಸತ್ತು ಮಾತ್ರ ತಿದ್ದಬಹುದು. 1999ರಲ್ಲಿ ಕೇಂದ್ರ ರೂಪಿಸಿದ ಕ್ರಮದಂತೆ ಮೊದಲು ರಾಜ್ಯ ಸರ್ಕಾರ ಅಧ್ಯಯನ ಮಾಡಿಸಿ ಶಿಫಾರಸು ಮಾಡಬೇಕು, ಆಮೇಲೆ ಭಾರತದ ಮಹಾ ನೋಂದಣಾಧಿಕಾರಿ ಒಪ್ಪಬೇಕು, ನಂತರ ರಾಷ್ಟ್ರೀಯ ಪರಿಶಿಷ್ಟ ಪಂಗಡಗಳ ಆಯೋಗ ಒಪ್ಪಬೇಕು. ಇಷ್ಟಾದ ಮೇಲೆ ಸಂಪುಟ, ಮಸೂದೆ, ಸಂಸತ್ತು. ನಡುವೆ ಎಲ್ಲಿ ಒಂದು ಪ್ರಶ್ನೆ ಎದ್ದರೂ ಕಡತ ವಾಪಸು ಬರುತ್ತದೆ. ಕಾಡುಗೊಲ್ಲರ ವಿಷಯದಲ್ಲಿ ರಾಜ್ಯ ಸರ್ಕಾರ ಕುಲಶಾಸ್ತ್ರೀಯ ಅಧ್ಯಯನ ಮಾಡಿಸಿತು, ಕೇಂದ್ರಕ್ಕೆ ಶಿಫಾರಸನ್ನೂ ಕಳಿಸಿತು. ಬೇರೆ ಬೇರೆ ಪಕ್ಷಗಳ ಸರ್ಕಾರಗಳು ಬಂದು ಹೋದರೂ ಕಡತ ಮಾತ್ರ ಬೆಂಗಳೂರು ಮತ್ತು ದೆಹಲಿಯ ನಡುವೆಯೇ ಉಳಿದಿದೆ. ಮನಸ್ಸು ಮಾಡಿದರೆ ಕೆಲಸ ಆಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ಉದಾಹರಣೆಗಳಿವೆ. ಸಿದ್ದಿಯರು 2003ರಲ್ಲಿ ಪಟ್ಟಿಗೆ ಸೇರಿದರು. 2020ರಲ್ಲಿ ನಾಯಕ ಸಮುದಾಯದ ಜೊತೆಗೆ ತಳವಾರ, ಪರಿವಾರ ಹೆಸರುಗಳು ಸೇರಿದವು. 2022ರ ಡಿಸೆಂಬರ್‌ನಲ್ಲಿ ಸಂಸತ್ತು ಕಾಡುಕುರುಬರ ಜೊತೆ ಬೆಟ್ಟಕುರುಬ ಹೆಸರನ್ನು ಸೇರಿಸಲು ಒಪ್ಪಿತು.

ಈ ಎಲ್ಲ ಹಂತಗಳಲ್ಲೂ ಅಳತೆಗೋಲಾಗಿರುವುದು 1965ರ ಲೋಕೂರ್ ಸಮಿತಿ ಹೇಳಿದ ಐದು ಲಕ್ಷಣಗಳು: ಆದಿಮ ಗುಣಗಳು, ವಿಶಿಷ್ಟ ಸಂಸ್ಕೃತಿ, ಭೌಗೋಳಿಕವಾಗಿ ಪ್ರತ್ಯೇಕವಾಗಿರುವುದು, ಹೊರಗಿನವರೊಡನೆ ಬೆರೆಯಲು ಹಿಂಜರಿಯುವುದು ಮತ್ತು ಹಿಂದುಳಿದಿರುವುದು. ಈ ಐದರಲ್ಲಿ ಒಂದು ಮಾತ್ರ, ಅಂದರೆ ವಿಶಿಷ್ಟ ಸಂಸ್ಕೃತಿ, ಸಮುದಾಯವೊಂದು ಹೆಮ್ಮೆಯಿಂದ ಹೇಳಿಕೊಳ್ಳಬಹುದಾದದ್ದು. ಉಳಿದ ನಾಲ್ಕೂ ಕೊರತೆಗಳು. ಹಟ್ಟಿಯ ಹುಡುಗ ಬಿ.ಇ. ಓದಿ ಬೆಂಗಳೂರಿಗೆ ಹೋದರೆ, ಹಟ್ಟಿಗೆ ಡಾಂಬರು ರಸ್ತೆ ಬಂದರೆ, ಹೆಣ್ಣುಮಕ್ಕಳು ಹಳೆಯ ಕಟ್ಟುಪಾಡು ಬಿಟ್ಟರೆ, ಈ ಅಳತೆಗೋಲಿನಲ್ಲಿ ಸಮುದಾಯದ ಅಂಕ ಕಡಿಮೆಯಾಗುತ್ತದೆ. ಕೇಂದ್ರ ಬುಡಕಟ್ಟು ವ್ಯವಹಾರಗಳ ಸಚಿವಾಲಯದ ಅಂದಿನ ಕಾರ್ಯದರ್ಶಿ ಹೃಷಿಕೇಶ್ ಪಾಂಡಾ ಅವರ ನೇತೃತ್ವದ ಕಾರ್ಯಪಡೆ 2014ರಲ್ಲಿಯೇ ಈ ಮಾನದಂಡಗಳನ್ನು ಬದಲಿಸಬೇಕೆಂದು ಹೇಳಿತ್ತು. ಅದರ ಸಲಹೆಗಳು ಜಾರಿಗೆ ಬರಲಿಲ್ಲ. ಇತ್ತ ಸುಪ್ರೀಂ ಕೋರ್ಟಿನ ತ್ರಿಸದಸ್ಯ ಪೀಠ 2023ರ ಮಾರ್ಚ್‌ನಲ್ಲಿ ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ, ವ್ಯಕ್ತಿಯೊಬ್ಬ ತನ್ನ ಬುಡಕಟ್ಟಿನ ಹಳೆಯ ಆಚಾರಗಳನ್ನು ತಿಳಿದಿದ್ದಾನೆಯೇ ಎಂಬ ಪರೀಕ್ಷೆಯೊಂದನ್ನೇ ಅಂತಿಮವೆಂದು ಭಾವಿಸಬಾರದು ಎಂದು ಹೇಳಿತು. ಶಿಕ್ಷಣ, ವಲಸೆ, ಆಧುನಿಕತೆಗಳಿಂದ ಆಚಾರ ಬದಲಾಗುವುದು ಸಹಜ ಎಂಬ ತಿಳಿವಳಿಕೆ ಆ ತೀರ್ಪಿನ ಹಿಂದಿದೆ. ಒಬ್ಬ ವ್ಯಕ್ತಿಯ ಪ್ರಮಾಣಪತ್ರಕ್ಕೆ ಒಪ್ಪುವ ಈ ತರ್ಕ ಇಡೀ ಸಮುದಾಯದ ವಿಷಯಕ್ಕೂ ಒಪ್ಪಬೇಕಲ್ಲವೇ?

ಹೊರಗಿನ ಗುಡಿಸಲು

ಈ ಪರೀಕ್ಷೆಯ ಹೊರೆ ಅತಿ ಹೆಚ್ಚು ಬಿದ್ದಿರುವುದು ಹೆಣ್ಣುಮಕ್ಕಳ ಮೇಲೆ. ಮುಟ್ಟಾದ ಹೆಣ್ಣು, ಹೆತ್ತ ತಾಯಿ ಹಟ್ಟಿಯ ಹೊರಗಿರಬೇಕೆಂಬ ಸೂತಕದ ಕಟ್ಟಳೆ ಎಷ್ಟೋ ಗೊಲ್ಲರಹಟ್ಟಿಗಳಲ್ಲಿ ಇನ್ನೂ ಉಳಿದಿದೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಬಾಣಂತಿ ಮತ್ತು ಹಸುಗೂಸನ್ನು ಊರಾಚೆಯ ಗುಡಿಸಲಿನಲ್ಲಿ ಇರಿಸಿದ್ದಾಗ, ಮಳೆ ಚಳಿಯ ನಡುವೆ ಆ ಕೂಸು ತೀರಿಕೊಂಡಿತು. ಮೌಢ್ಯ ನಿಷೇಧ ಕಾಯ್ದೆ ಎಂದು ಜನ ಕರೆಯುವ 2017ರ ರಾಜ್ಯ ಕಾನೂನು, ಮುಟ್ಟಾದ ಅಥವಾ ಗರ್ಭಿಣಿ ಹೆಣ್ಣುಮಕ್ಕಳನ್ನು ಒತ್ತಾಯದಿಂದ ಪ್ರತ್ಯೇಕಿಸುವುದನ್ನು ಅಪರಾಧವೆಂದು ಸ್ಪಷ್ಟವಾಗಿ ಹೇಳುತ್ತದೆ. ಹೀಗೆ ಒಂದೇ ಪದ್ಧತಿಯನ್ನು ರಾಜ್ಯದ ಒಂದು ಕೈ ಅಪರಾಧ ಎನ್ನುತ್ತಿದ್ದರೆ, ಕಡತ ಹಿಡಿದ ಇನ್ನೊಂದು ಕೈ ಅದೇ ಪದ್ಧತಿಯನ್ನು ಬುಡಕಟ್ಟಿನ ಆದಿಮ ಲಕ್ಷಣವೆಂದು ಬರೆದುಕೊಳ್ಳುತ್ತಿದೆ. ಕಟ್ಟಳೆ ಬಿಟ್ಟರೆ ಬುಡಕಟ್ಟಿನ ಗುರುತೂ ಹೋದೀತೆಂಬ ಅಳುಕನ್ನು ಹುಟ್ಟಿಸಲು ಇಷ್ಟು ಸಾಕು. ಸಮುದಾಯದ ಹಕ್ಕಿಗಾಗಿ ಮನೆಯ ಹೆಣ್ಣು ಬೆಲೆ ತೆರಬೇಕಾದ ಸ್ಥಿತಿಯನ್ನು ಸೃಷ್ಟಿಸಿರುವುದು ಹಟ್ಟಿಯೊಂದೇ ಅಲ್ಲ, ಸರ್ಕಾರದ ಮಾನದಂಡವೂ ಹೌದು.

ಇದು ನಮ್ಮ ಸಂಪ್ರದಾಯ, ಹೊರಗಿನವರು ಕೈಹಾಕಬಾರದು ಎಂಬ ವಾದ ಕೇಳಿಬರುತ್ತದೆ. ಹೊರಗಿನವರ ತಿರಸ್ಕಾರವನ್ನು ತಲೆಮಾರುಗಳಿಂದ ಉಂಡ ಸಮುದಾಯ ಹೀಗೆ ಹೇಳುವುದಕ್ಕೆ ಕಾರಣವಿದೆ, ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಆದರೆ ಸಂಪ್ರದಾಯ ಯಾರದು ಎಂದು ನಿರ್ಧರಿಸುವ ಕೂಟದಲ್ಲಿ ಗುಡಿಸಲಿನಲ್ಲಿ ಮಲಗುವವಳಿಗೆ ಜಾಗವಿಲ್ಲದಿದ್ದರೆ, ಅದನ್ನು ಇಡೀ ಸಮುದಾಯದ ದನಿ ಎನ್ನಲಾಗದು. ಜುಂಜಪ್ಪನ ಕಥನ, ಗಣೆ, ಹಟ್ಟಿಯ ಹಬ್ಬ, ಸಿರಿಯಜ್ಜಿಯಂಥವರ ಹಾಡು ಉಳಿಯಲು ಬಾಣಂತಿ ಮಳೆಯಲ್ಲಿ ನೆನೆಯಬೇಕಿಲ್ಲ. ಹೊರಗಿರಬೇಕಾದ ಹೆಣ್ಣುಮಕ್ಕಳಿಗೆಂದು ಸರ್ಕಾರ ಹಲವು ಹಟ್ಟಿಗಳ ಪಕ್ಕದಲ್ಲಿ ಕೃಷ್ಣಕುಟೀರ ಎಂಬ ಕಟ್ಟಡಗಳನ್ನು ಕಟ್ಟಿಸಿತು. ಮಳೆ ಚಳಿಯಿಂದ ಅವು ಒಂದಿಷ್ಟು ರಕ್ಷಣೆ ಕೊಟ್ಟಿರಬಹುದು. ಆದರೆ ಸಾರ್ವಜನಿಕ ಹಣದಿಂದ ಪ್ರತ್ಯೇಕತೆಗೆ ಗೋಡೆ, ಚಾವಣಿ ಹಾಕಿಕೊಟ್ಟಂತೆಯೂ ಆಯಿತು. ಗುಡಿಸಲನ್ನು ಬಲವಂತವಾಗಿ ಕೆಡವುವುದೊಂದೇ ದಾರಿಯೂ ಅಲ್ಲ. ನೇಪಾಳದ ಸುಪ್ರೀಂ ಕೋರ್ಟು ಮುಟ್ಟಾದ ಹೆಣ್ಣನ್ನು ಮನೆಯಿಂದ ಹೊರಗಿಡುವ ಛೌಪದಿ ಪದ್ಧತಿಯನ್ನು 2005ರಲ್ಲೇ ನಿಷೇಧಿಸಿತು, 2017ರ ಕಾನೂನು ಅದನ್ನು ಶಿಕ್ಷಾರ್ಹಗೊಳಿಸಿತು. ಆಮೇಲೂ ಪಶ್ಚಿಮದ ಜಿಲ್ಲೆಗಳಲ್ಲಿ ಸಾವುಗಳು ಸಂಭವಿಸಿದವು. ಗುಡಿಸಲು ಕೆಡವಿದ ಕಡೆ ಹೆಣ್ಣುಮಕ್ಕಳು ಅದಕ್ಕಿಂತ ಅಸುರಕ್ಷಿತ ಜಾಗಗಳಲ್ಲಿ ಮಲಗಿದ್ದೂ ಉಂಟು. ಮಹಾರಾಷ್ಟ್ರದ ಗಡಚಿರೋಲಿಯ ಮಾಡಿಯಾ ಗೊಂಡರಲ್ಲಿ ಕೂರ್ಮಾ ಘರ್ ಎಂಬ ಇಂಥದೇ ಪದ್ಧತಿ ಇದೆ. ಅವರು ಪರಿಶಿಷ್ಟ ಪಂಗಡದವರೇ. ಅಂದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ಪದ್ಧತಿ ತಾನಾಗಿ ಹೋಗುವುದಿಲ್ಲ. ಹಟ್ಟಿಯೊಳಗಿಂದಲೇ ಓದಿ ಬಂದ ಹೆಣ್ಣುಮಕ್ಕಳು, ಆಶಾ ಕಾರ್ಯಕರ್ತೆಯರು, ಅಂಗನವಾಡಿ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಮಾತಾಡಿದಾಗ, ಆಸ್ಪತ್ರೆಯಿಂದ ಬಂದ ಬಾಣಂತಿಯನ್ನು ಮೊದಲ ದಿನದಿಂದಲೇ ನೋಡಿಕೊಳ್ಳುವವರು ಇದ್ದಾಗ, ಅದಕ್ಕೆ ಕಾನೂನಿನ ಬೆಂಬಲವೂ ಇದ್ದಾಗ ಬದಲಾವಣೆ ಗಟ್ಟಿಯಾಗಿ ನೆಲೆನಿಲ್ಲುತ್ತದೆ.

ಕಾವಲಿನ ನೆಲ

ಮುಟ್ಟಿನ ಗುಡಿಸಲಿನ ಬಗ್ಗೆ ಪತ್ರಿಕೆಗಳು ಬರೆದಷ್ಟು ಕಾಡುಗೊಲ್ಲರ ನೆಲದ ಬಗ್ಗೆ ಬರೆದಿಲ್ಲ. ಪಶುಪಾಲಕರ ಆಸ್ತಿ ಮೇವಿನ ನೆಲ. ಕಾವಲುಗಳು ಲಕ್ಷಾಂತರ ಎಕರೆ ಇದ್ದ ಕಾಲದಲ್ಲಿ ಹಟ್ಟಿಯ ಕುರಿ, ದನಗಳಿಗೆ ಸುತ್ತಲ ಬಯಲು ಆಧಾರವಾಗಿತ್ತು. ಸ್ವಾತಂತ್ರ್ಯಾನಂತರ ಕಾವಲುಗಳು ಬೇಸಾಯಕ್ಕೆ, ನೆಡುತೋಪಿಗೆ, ವಸತಿಗೆ, ಯೋಜನೆಗಳಿಗೆ ಹಂಚಿಹೋಗಿ ಸಣ್ಣದಾದವು. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲು 2011ರಲ್ಲಿ ಕೃಷ್ಣಮೃಗಗಳ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಚಿತ್ರದುರ್ಗದ ಚಳ್ಳಕೆರೆ ತಾಲ್ಲೂಕಿನಲ್ಲಿ ಉಳ್ಳಾರ್ತಿ, ಕುದಾಪುರ ಕಾವಲುಗಳ ಸುಮಾರು 10 ಸಾವಿರ ಎಕರೆಯನ್ನು ರಕ್ಷಣಾ, ಬಾಹ್ಯಾಕಾಶ, ಅಣುಶಕ್ತಿ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟಾಗ ಸುತ್ತಲ ಹಳ್ಳಿ ಹಟ್ಟಿಗಳ ಕುರಿಗಾರರ ದಾರಿ ಬೇಲಿಗೆ ಬಂದು ನಿಂತಿತು. ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಕೃಷ್ಣಮೃಗಕ್ಕೂ ನೆಲ ಬೇಕು, ವಿಜ್ಞಾನಕ್ಕೂ ನೆಲ ಬೇಕು. ಆದರೆ ಆ ನೆಲವನ್ನು ಖಾಲಿ ನೆಲವೆಂದು ದಾಖಲೆಯಲ್ಲಿ ಬರೆದು, ಅದರ ಮೇಲೆ ಬದುಕಿದವರನ್ನು ಕೇಳದೆ ಕೊಟ್ಟಿದ್ದು ತಪ್ಪು. ಇನ್ನು ಮುಂದೆ ಈ ಒತ್ತಡ ಹೆಚ್ಚುತ್ತದೆ. ಅಜ್ಜಂಪುರದ ಬಳಿಯ ಸುರಂಗದಲ್ಲಿ ಹಾದು ಬರುವ ಭದ್ರಾ ಮೇಲ್ದಂಡೆ ಯೋಜನೆಯ ನೀರು ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ ಸುಮಾರು 2.25 ಲಕ್ಷ ಹೆಕ್ಟೇರ್‌ಗೆ ತಲುಪಬೇಕೆಂಬುದು ಗುರಿ. ನೀರು ಬಂದ ಕಡೆ ನೆಲದ ಬೆಲೆ ಏರುತ್ತದೆ, ಗೋಮಾಳವೂ ತೋಟವಾಗುತ್ತದೆ. ಪಟ್ಟಾ ಇಲ್ಲದ ಕುರಿಗಾರನಿಗೆ ಆ ನೀರಿನಲ್ಲಿ ಪಾಲಿಲ್ಲ. ಇದ್ದ ಮೇವನ್ನೂ ಅವನು ಕಳೆದುಕೊಳ್ಳುತ್ತಾನೆ.

ಇಲ್ಲಿ ಪಟ್ಟಿಯ ಪ್ರಶ್ನೆ ನೇರವಾಗಿ ನೆಲಕ್ಕೆ ಬಂದು ತಾಕುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆ ಮೇಯಿಸುವ ಹಕ್ಕನ್ನು, ವಲಸೆ ಹೋಗುವ ಪಶುಪಾಲಕರ ಹಕ್ಕನ್ನೂ, ಒಪ್ಪುತ್ತದೆ. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಆ ಅರಣ್ಯವನ್ನು ನೆಚ್ಚಿಕೊಂಡಿದ್ದರೆಂದು ತೋರಿಸಿದರೆ ಸಾಕು. ಪಟ್ಟಿಯಲ್ಲಿಲ್ಲದವರು ಇತರ ಪಾರಂಪರಿಕ ಅರಣ್ಯವಾಸಿಗಳೆಂದು ಅರ್ಜಿ ಹಾಕಿ, ಮೂರು ತಲೆಮಾರು ಅಂದರೆ 75 ವರ್ಷಗಳ ವಾಸಕ್ಕೆ ಸಾಕ್ಷ್ಯ ಕೊಡಬೇಕು. ಕುರಿಯ ಹಿಂದೆ ನಡೆದ ಅಜ್ಜನಿಗೆ ಯಾವ ದಾಖಲೆ ಇದ್ದೀತು? ಕರ್ನಾಟಕದಲ್ಲಿ ಈ ಕಾಯ್ದೆಯಡಿ ಸಲ್ಲಿಕೆಯಾದ ಅರ್ಜಿಗಳಲ್ಲಿ ಬಹುಪಾಲು ತಿರಸ್ಕಾರವಾಗಿವೆ. ಹೀಗಾಗಿ ಪರಿಶಿಷ್ಟ ಪಂಗಡದ ಮಾನ್ಯತೆ ಕಾಡುಗೊಲ್ಲರಿಗೆ ಸೀಟು, ಕೆಲಸಗಳ ಮಾತಷ್ಟೇ ಆಗಿ ಉಳಿಯುವುದಿಲ್ಲ. ಅರಣ್ಯ ಇಲಾಖೆಯ ಕೈಗೆ ಹೋದ ಮೇವಿನ ನೆಲದ ಮೇಲೆ ಹಕ್ಕು ಕೇಳುವ ಶಕ್ತಿಯೂ ಅದರಿಂದ ಬರುತ್ತದೆ.

ಆಕ್ಷೇಪಗಳಿಗೆ ಉತ್ತರ

ಈಗಾಗಲೇ ಪಟ್ಟಿಯಲ್ಲಿರುವವರ ಪಾಲು ಕರಗುತ್ತದೆ ಎಂಬುದು ಮೊದಲ ಆಕ್ಷೇಪ. ಇದು ನಿಜವಾದ ಆತಂಕ. 2011ರ ಜನಗಣತಿಯ ಪ್ರಕಾರ ರಾಜ್ಯದ ಪರಿಶಿಷ್ಟ ಪಂಗಡಗಳ ಜನಸಂಖ್ಯೆ 42.48 ಲಕ್ಷ, ಅಂದರೆ ಶೇ 6.95. ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ ದಾಸ್ ಆಯೋಗದ ವರದಿಯ ಆಧಾರದ ಮೇಲೆ 2022ರಲ್ಲಿ ಮೀಸಲಾತಿ ಶೇ 3ರಿಂದ 7ಕ್ಕೆ ಏರಿತು. ಜೇನುಕುರುಬ, ಕೊರಗ, ಸೋಲಿಗ, ಹಸಲ, ಮಲೆಕುಡಿಯರಂಥ ಸಣ್ಣ ಸಮುದಾಯಗಳಿಗೆ ಈ ಶೇ 7ರಲ್ಲೂ ಸಿಗುವುದು ಅತ್ಯಲ್ಪ. ಆದರೆ ಇದಕ್ಕೆ ಪರಿಹಾರ ಅರ್ಹರನ್ನು ಹೊರಗಿಡುವುದರಲ್ಲಿ ಇಲ್ಲ. ಹೊಸ ಸಮುದಾಯ ಸೇರಿದಾಗ ಅದರ ಜನಸಂಖ್ಯೆಗೆ ತಕ್ಕಂತೆ ಪ್ರಮಾಣವನ್ನು ಪರಿಷ್ಕರಿಸಬೇಕು, ಅತಿ ಸಣ್ಣ ಬುಡಕಟ್ಟುಗಳಿಗೆ ಒಳಗೇ ರಕ್ಷಣೆ ಕೊಡಬೇಕು. ಪರಿಶಿಷ್ಟ ಜಾತಿಗಳ ಒಳವರ್ಗೀಕರಣ ಸಂವಿಧಾನಕ್ಕೆ ವಿರುದ್ಧವಲ್ಲ ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2024ರ ಆಗಸ್ಟ್ 1ರಂದು ಹೇಳಿದ ಮೇಲೆ, ಪಂಗಡಗಳ ವಿಷಯದಲ್ಲೂ ಆ ದಿಕ್ಕಿನಲ್ಲಿ ಯೋಚಿಸಲು ದಾರಿ ತೆರೆದಿದೆ.

ಕಾಡುಗೊಲ್ಲರ ಹೆಸರಿನಲ್ಲಿ ಎಲ್ಲ ಗೊಲ್ಲರೂ ಪ್ರಮಾಣಪತ್ರ ಪಡೆದಾರು ಎಂಬುದು ಎರಡನೆಯ ಆಕ್ಷೇಪ. ಕಾಡುಗೊಲ್ಲರಿಗೇ ಈ ಭಯ ಎಲ್ಲರಿಗಿಂತ ಹೆಚ್ಚು. ಆದರೆ ಅವರ ಹಟ್ಟಿಗಳು ಗುರುತಿಸಬಹುದಾದ ನೆಲೆಗಳು, ಬೆಡಗುಗಳು ತಿಳಿದಿರುವಂಥವು, ದೈವಗಳು ಬೇರೆ. ಹಟ್ಟಿವಾರು ದಾಖಲೆ ಸಿದ್ಧಪಡಿಸಿದರೆ ತಪ್ಪು ಪ್ರಮಾಣಪತ್ರ ತಡೆಯುವುದು ಬೇರೆ ಅನೇಕ ಸಮುದಾಯಗಳ ವಿಷಯಕ್ಕಿಂತ ಸುಲಭ. ಇದೆಲ್ಲ ಮತದ ಲೆಕ್ಕಾಚಾರ ಎಂಬ ಮಾತೂ ಇದೆ. 2020ರಲ್ಲಿ ಶಿರಾ ಉಪಚುನಾವಣೆ ಎದುರಿಗಿದ್ದಾಗಲೇ ಕಾಡುಗೊಲ್ಲ ಅಭಿವೃದ್ಧಿ ನಿಗಮ ಘೋಷಣೆಯಾಯಿತು ಎಂಬುದು ನಿಜ. ರಾಜಕಾರಣಿಗಳು ಚುನಾವಣೆಗೆ ಮುನ್ನ ನೆನಪಿಸಿಕೊಂಡರು ಎಂಬುದು ರಾಜಕಾರಣಿಗಳ ದೋಷ. ಅದರಿಂದ ಹಟ್ಟಿಯ ಅಗತ್ಯ ಸುಳ್ಳಾಗುವುದಿಲ್ಲ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಂಭೀರ. ದಲಿತರನ್ನು ಒಳಗೆ ಬಿಡದ ಹಟ್ಟಿ ಸಾಮಾಜಿಕ ನ್ಯಾಯ ಕೇಳುವುದು ಹೇಗೆ? 2019ರ ಸೆಪ್ಟೆಂಬರ್‌ನಲ್ಲಿ ಪಾವಗಡ ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಚಿತ್ರದುರ್ಗದ ಅಂದಿನ ಸಂಸದ ಎ. ನಾರಾಯಣಸ್ವಾಮಿ ಅವರನ್ನು ಜಾತಿಯ ಕಾರಣಕ್ಕೆ ಬಾಗಿಲಲ್ಲೇ ತಡೆದರು. 2024ರ ಜನವರಿಯಲ್ಲಿ ನಮ್ಮ ತರೀಕೆರೆ ತಾಲ್ಲೂಕಿನ ಗೇರುಮರಡಿ ಗೊಲ್ಲರಹಟ್ಟಿಯಲ್ಲಿ, ಜೆಸಿಬಿ ಕೆಲಸಕ್ಕೆ ಬಂದ ದಲಿತ ಯುವಕನ ಮೇಲೆ ಹಲ್ಲೆಯಾದ ಪ್ರಕರಣ ವರದಿಯಾಯಿತು. ಇವನ್ನು ಮುಚ್ಚಿಡುವುದು ಸಾಧ್ಯವೂ ಇಲ್ಲ, ಸರಿಯೂ ಅಲ್ಲ. ಅಸ್ಪೃಶ್ಯತೆ ಸಂವಿಧಾನದ 17ನೇ ವಿಧಿಯಡಿ ನಿಷಿದ್ಧ. ಅದನ್ನು ಆಚರಿಸುವವರು ಬುಡಕಟ್ಟಾದರೂ ಭೂಮಾಲೀಕರಾದರೂ ಕಾನೂನಿನ ಮುಂದೆ ಒಂದೇ. ಹೆಣ್ಣನ್ನು ಹೊರಗಿಡುವ ಮೈಲಿಗೆಯ ಲೆಕ್ಕವೇ ದಲಿತನನ್ನೂ ಹೊರಗಿಡುತ್ತದೆ ಎಂಬುದನ್ನು ಹಟ್ಟಿಯ ಹಿರಿಯರು ಮನಗಾಣಬೇಕು. ಜೊತೆಗೆ ಇನ್ನೊಂದು ಸತ್ಯವೂ ಇದೆ. ಹೊರಗಿನವರೊಡನೆ ಬೆರೆಯಲು ಹಿಂಜರಿಯುವುದು ಬುಡಕಟ್ಟಿನ ಲಕ್ಷಣ ಎಂದು ಸರ್ಕಾರವೇ ಬರೆದುಕೊಂಡಿರುವಾಗ, ಹಟ್ಟಿಯ ಮುಚ್ಚಿದ ಬಾಗಿಲು ಕಡತದಲ್ಲಿ ಪುರಾವೆಯಾಗಿ ಕಾಣುತ್ತದೆ. ದಲಿತ ಯುವಕ ಅನುಭವಿಸಿದ ಅವಮಾನ ಅಧಿಕಾರಿಯ ಟಿಪ್ಪಣಿಯಲ್ಲಿ ಅರ್ಹತೆಯಾಗಿ ಬದಲಾಗಬಲ್ಲ ಮಾನದಂಡ ಸಂವಿಧಾನದ ಆಶಯಕ್ಕೇ ವಿರುದ್ಧ. ಅದನ್ನು ಬದಲಿಸಬೇಕೆಂಬ ವಾದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಪಟ್ಟಿಗೆ ಕಾಯದೆ ಮಾಡಬೇಕಾದ್ದು

ಪಟ್ಟಿಯೊಂದೇ ಎಲ್ಲವನ್ನೂ ಸರಿಪಡಿಸುತ್ತದೆ ಎಂದು ನಂಬುವುದೂ ತಪ್ಪು. ನಾಗರಹೊಳೆಯ ಜೇನುಕುರುಬರು ಪಟ್ಟಿಯಲ್ಲಿ ಇರುವವರು, ವಿಶೇಷ ದುರ್ಬಲ ಬುಡಕಟ್ಟೆಂದೂ ಗುರುತಿಸಲ್ಪಟ್ಟವರು. ಹೈಕೋರ್ಟ್ ನೇಮಿಸಿದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ವರದಿ ಕೊಟ್ಟು, ಕಾಡಿನಿಂದ ಹೊರಬಿದ್ದ 3,418 ಕುಟುಂಬಗಳ ಪುನರ್ವಸತಿಯ ಕೊರತೆಯನ್ನು ಮುಂದಿಟ್ಟಿತು. ಆ ನ್ಯಾಯ ಇನ್ನೂ ಪೂರ್ತಿಯಾಗದೆ, 2025ರ ಮೇ ತಿಂಗಳಲ್ಲಿ ಕರಡಿಕಲ್ಲು ಅತ್ತೂರು ಕೊಲ್ಲಿಯ ಕುಟುಂಬಗಳು ತಮ್ಮ ಪೂರ್ವಿಕರ ನೆಲೆಗೆ ತಾವೇ ಮರಳಿದವು. ಮಾನ್ಯತೆ ಬಾಗಿಲು ತೆರೆಯುತ್ತದೆ. ಒಳಗೆ ಅನ್ನ, ನೆಲ, ಆರೋಗ್ಯ ಇರಿಸುವುದು ಆಡಳಿತದ ಕೆಲಸ.

ಆ ಕೆಲಸಕ್ಕೆ ದೆಹಲಿಯ ಒಪ್ಪಿಗೆ ಬೇಕಾಗಿಲ್ಲ. ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ಸೇರಿಸಿದ 38-ಎ ಕಲಂ ದಾಖಲೆಯಿಲ್ಲದ ಜನವಸತಿಗಳ ಮನೆಗಳಿಗೆ ಹಕ್ಕು ಕೊಡುವ ಸಲುವಾಗಿ ಬಂದದ್ದು. ಅದರಲ್ಲಿ ಲಂಬಾಣಿ ತಾಂಡಾ, ಹಾಡಿಗಳ ಜೊತೆಗೆ ಗೊಲ್ಲರಹಟ್ಟಿಯ ಹೆಸರೂ ಇದೆ. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ, ಮುಖ್ಯವಾಗಿ ತಾಂಡಾಗಳ ಜನರಿಗೆ, ಹಕ್ಕುಪತ್ರ ಹಂಚಿದ್ದನ್ನು ನಾಡು ನೋಡಿದೆ. ಅದೇ ಉತ್ಸಾಹ ಕಡೂರು, ತರೀಕೆರೆ, ಅಜ್ಜಂಪುರಗಳ ಪ್ರತಿ ಹಟ್ಟಿಯನ್ನು ಕಂದಾಯ ಗ್ರಾಮವಾಗಿಸುವುದರಲ್ಲೂ ಕಾಣಬೇಕು. ಉಳಿದಿರುವ ಕಾವಲು, ಗೋಮಾಳಗಳನ್ನು ಅಳತೆ ಮಾಡಿ, ಮೇಯಿಸುವವರ ಹೆಸರನ್ನು ದಾಖಲಿಸಬೇಕು. ಹಟ್ಟಿಯ ಹೆಣ್ಣುಮಕ್ಕಳಿಗೆ ಹತ್ತಿರದ ವಿದ್ಯಾರ್ಥಿನಿಲಯ, ಬಾಣಂತಿಯ ಮನೆಗೇ ಬರುವ ಆರೋಗ್ಯ ಸಹಾಯಕಿ, ಕೃಷ್ಣಕುಟೀರದ ಬದಲು ಎಲ್ಲರೂ ಬಳಸುವ ಅಂಗನವಾಡಿ, ಗ್ರಂಥಾಲಯ ಬೇಕು. ಕೇಂದ್ರ ಸರ್ಕಾರ ಕಾಡುಗೊಲ್ಲರ ಕಡತವನ್ನು ಕಾಲಮಿತಿಯಲ್ಲಿ ತೀರ್ಮಾನಿಸಬೇಕು; ತಿರಸ್ಕರಿಸುವುದಾದರೆ ಕಾರಣವನ್ನು ಬಹಿರಂಗವಾಗಿ ಹೇಳಬೇಕು. ಐದು ಲಕ್ಷಣಗಳ ಹಳೆಯ ಪರೀಕ್ಷೆಯ ಜಾಗದಲ್ಲಿ ವಿಶಿಷ್ಟ ಸಂಸ್ಕೃತಿ ಮತ್ತು ಐತಿಹಾಸಿಕ ವಂಚನೆಯನ್ನು ಅಳೆಯುವ ಮಾನದಂಡ ಬರಬೇಕು. ಚಿಕ್ಕಮಗಳೂರು ಜಿಲ್ಲೆಯ ಶಾಸಕರು ಮತ್ತು ಸಂಸದರು ಈ ಎರಡೂ ಮಾತನ್ನು ವಿಧಾನಸಭೆ ಮತ್ತು ಲೋಕಸಭೆಯಲ್ಲಿ ಎತ್ತಬೇಕು, ಈ ಸೀಮೆಯ ಮತದಾರರು ಅವರನ್ನು ಅದಕ್ಕಾಗಿ ಒತ್ತಾಯಿಸಬೇಕು.